ಕುಂಬಾರ ಬದಲಿಸಿದ ಎಣ್ಣೆ

ಶಿಷ್ಯ ಕೇಳಿದ: ‘ಗುರುಗಳೇ, ದಿನವೂ ಸಂಜೆ ನನ್ನ ತಪ್ಪುಗಳನ್ನು ನಿಮ್ಮ ಮುಂದೆ ಒಪ್ಪಿಸುತ್ತೇನೆ. ನೀವು ಹೇಳಿದ ಹಾಗೆಯೇ ನಡೆದುಕೊಳ್ಳುತ್ತೇನೆ. ಆದರೂ ಒಳಗಿನ ಬೇಗೆ ಕಡಿಮೆಯಾಗಲಿಲ್ಲ. ಊನ ಇರುವುದು ನನ್ನಲ್ಲೋ, ನೀವು ಕೊಡುವ ಮದ್ದಿನಲ್ಲೋ?’

ಗುರುಗಳು ಸಿಟ್ಟಾಗಲಿಲ್ಲ. ‘ಮದ್ದಿನ ವಿಚಾರ ಆಮೇಲೆ ನೋಡೋಣ. ಮೊದಲು ಒಬ್ಬ ಕುಂಬಾರನ ಕತೆ ಕೇಳು’ ಎಂದು ಶುರು ಮಾಡಿದರು.

ಘಟ್ಟದ ಬುಡದ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಅವನ ಎಡಗಾಲು ಸೊರಗಿತ್ತು. ಮಡಕೆ ಮಾಡುವುದರಲ್ಲಿ ಕೈ ಪಳಗಿದ್ದರೂ, ಮಾಡಿದ್ದನ್ನು ಘಟ್ಟದ ಮೇಲಿನ ಪೇಟೆಗೆ ಸಾಗಿಸಲು ಅವನು ಅವರಿವರ ಕೈಕಾಲು ಹಿಡಿಯಬೇಕಾಗಿತ್ತು. ಹೀಗಿರುವಾಗ ಯಾವನೋ ಗುತ್ತಿಗೆದಾರ ಓಡಿಸಿ ಸಾಕಾಗಿ ಮಾರಿದ ಹಳೆಯ ಪಿಕಪ್ ಒಂದು ಅವನ ಪಾಲಿಗೆ ಬಂತು. ಅದರ ಗೇರು ತಾನಾಗಿ ಬದಲಾಗುತ್ತಿತ್ತು. ಕ್ಲಚ್ ತುಳಿಯುವ ಕೆಲಸವೇ ಇರಲಿಲ್ಲ. ಬಲಗಾಲೊಂದಿದ್ದರೆ ಸಾಕು. ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತಿದ್ದವನು ಅಂದಿನಿಂದ ಊರಿನವರನ್ನೇ ಹತ್ತಿಸಿಕೊಂಡು ಹೋಗತೊಡಗಿದ. ಅವನು ಆ ಗಾಡಿಯ ಸುತ್ತ ಸುಳಿದಾಡುವುದನ್ನು ನೋಡಿ ಹೆಂಡತಿ ಅದನ್ನು ‘ನನ್ನ ಸವತಿ’ ಎಂದು ಕರೆದು ನಗುತ್ತಿದ್ದಳು.

ಗಾಡಿಗೆ ವಯಸ್ಸಾಯಿತು. ತಣ್ಣಗಿದ್ದಾಗ ಚೆನ್ನಾಗಿಯೇ ಎಳೆಯುತ್ತಿತ್ತು. ಘಟ್ಟದ ಅರ್ಧಕ್ಕೆ ಬಂದು ಬಿಸಿಯೇರಿದ ಮೇಲೆ ಇಂಜಿನ್ ಅರಚುತ್ತಿತ್ತು, ಆದರೆ ಆ ಬಲ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ನಿಲ್ಲಿಸಿ ಆರಲು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಕುಂಬಾರ ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ಪಕ್ಕದಲ್ಲಿ ಕೂತು ಹೋಗುವ ಹೆಂಡತಿಗೆ ಕಿವಿ ಇರಲಿಲ್ಲವೇ? ‘ಪೇಟೇಲಿ ಗಾಡಿ ರಿಪೇರಿ ಮಾಡೋ ಮೇಸ್ತ್ರಿಗೆ ಒಂದ್ಸಲ ತೋರ್ಸಿ. ಅವರು ಸರಿಯಿದೆ ಅನ್ನೋವರೆಗೂ ನಾನಂತೂ ಹತ್ತಲ್ಲ’ ಎಂದಳು.

ಕುಂಬಾರನಿಗೆ ಅಳುಕು ಹತ್ತಿತು. ಗೇರ್‌ಬಾಕ್ಸ್ ಸುಟ್ಟಿದೆ ಎಂದು ಮೇಸ್ತ್ರಿ ಅಂದರೆ ಗಾಡಿಯ ಕತೆ ಮುಗಿಯಿತು. ಅಷ್ಟು ಹಳೆಯದಕ್ಕೆ ಬಿಡಿಭಾಗ ಸಿಗದು. ಅಂಥ ಇನ್ನೊಂದು ಗಾಡಿಯೂ ಸಿಗದು. ಮತ್ತೆ ಅದೇ ಜಗಲಿ, ಮತ್ತೆ ಕಂಡವರ ಹಂಗು. ಪೇಟೆಗೆ ಹೊರಡುವ ಹಿಂದಿನ ದಿನ ಅವನು ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿದ. ಎಣ್ಣೆ ಕಪ್ಪಗಿತ್ತು, ಸೀದ ವಾಸನೆ ಹೊಡೆಯುತ್ತಿತ್ತು. ಹೆಂಡತಿ ಕೆರೆಯಿಂದ ಮಣ್ಣು ತರಲು ಹೋದ ಹೊತ್ತು ನೋಡಿ ಅದನ್ನೆಲ್ಲ ಬಸಿದು ಹಿತ್ತಲ ಗುಂಡಿಗೆ ಸುರಿದ. ಕೆಂಪಗಿನ ಹೊಸ ಎಣ್ಣೆ ತುಂಬಿದ. ಬಿರುಕು ಬಿಟ್ಟ ಮಡಕೆಗೆ ಕೆಮ್ಮಣ್ಣು ಸವರಿ ಸಂತೆಗೆ ಇಡುವ ಕೈಗೆ ಇದೇನು ಹೊಸ ಕೆಲಸವಾಗಿರಲಿಲ್ಲ. ಮಡಕೆಯನ್ನಾದರೆ ಕೊಳ್ಳುವವರು ತಟ್ಟಿ ನೋಡುತ್ತಾರೆ. ಗೇರ್‌ಬಾಕ್ಸನ್ನು ಯಾರು ತಟ್ಟುತ್ತಾರೆ?

ಮಾರನೆಯ ದಿನ ಘಟ್ಟದಲ್ಲಿ ನಿಂತು ನಿಂತು ಹತ್ತಿದ. ಪೇಟೆಯ ಹೊರಗೆ ಮರದ ನೆರಳಿನಲ್ಲಿ ಗಾಡಿ ಪೂರ್ತಿ ಆರುವವರೆಗೆ ಕಾದು, ಆಮೇಲೆ ಮೇಸ್ತ್ರಿಯ ಬಳಿಗೆ ಹೋದ. ಮೇಸ್ತ್ರಿ ಇಂಥ ಗಾಡಿಯ ರೋಗವನ್ನು ಎಣ್ಣೆಯಲ್ಲೇ ಹಿಡಿಯುವವನು. ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದ. ಮೂಸಿದ. ಬೆರಳಲ್ಲಿ ಉಜ್ಜಿ ನೋಡಿದ.

‘ಆಯಿಲ್ ಯಾವಾಗ ಬದಲಾಯಿಸಿದ್ದು?’

‘ಸುಮಾರು ದಿನ ಆಯ್ತು ಮೇಸ್ತ್ರಿ.’

‘ಬಿಸಿಯಾದ ಮೇಲೆ ಘಟ್ಟದಲ್ಲಿ ಎಳೆಯದೆ ಸುಮ್ಮನೆ ಅರಚುತ್ತಾ?’

‘ಏ, ಇಲ್ಲಪ್ಪ. ಒಂದೊಂದ್ಸಲ ಸ್ವಲ್ಪ ತಡ ಮಾಡುತ್ತೆ, ಅಷ್ಟೇ.’

ಅಷ್ಟು ದಿನ ಓಡಿದ ಮೇಲೂ ಎಣ್ಣೆ ಇಷ್ಟು ಕೆಂಪಗಿದ್ದರೆ ಒಳಗೇನೂ ಸುಟ್ಟಿರಲಾರದು ಎಂದು ಮೇಸ್ತ್ರಿ ತಿಳಿದ. ಗೇರಿನ ಕೇಬಲ್ ಸಡಿಲಾಗಿದ್ದುದನ್ನು ಬಿಗಿ ಮಾಡಿ, ‘ಬಾಕ್ಸ್ ಗಟ್ಟಿಯಿದೆ. ಧೈರ್ಯವಾಗಿ ಓಡ್ಸು’ ಎಂದ. ಕುಂಬಾರನ ಜೀವ ಹಗುರಾಯಿತು. ದಾರಿಯಲ್ಲಿ ಹಾಡಿಕೊಂಡೇ ಇಳಿದ. ಮನುಷ್ಯ ಎಂಥವನು ನೋಡು: ಊರು ತಲುಪುವಷ್ಟರಲ್ಲಿ ತಾನು ಹೇಳಿದ ಸುಳ್ಳು ಅವನಿಗೆ ಮರೆತೇಹೋಗಿತ್ತು. ಮೇಸ್ತ್ರಿಯೇ ಗಟ್ಟಿಯಿದೆ ಎಂದ ಮೇಲೆ ಗಟ್ಟಿಯಿರದೆ ಇನ್ನೇನು? ಹೆಂಡತಿಗೂ ಹಾಗೆಯೇ ಹೇಳಿದ. ಅವಳು ನಂಬಿದಳು.

ಕೆಲವು ದಿನ ಕಳೆದವು. ಮಡಕೆ ಸುಡುವ ಆವಿಗೆಗೆ ಕಟ್ಟಿಗೆ ಎಳೆಯುವಾಗ ಹೆಂಡತಿಗೆ ಹಾವು ಕಚ್ಚಿತು. ಕುಂಬಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟ ಹತ್ತಿಸಿದ. ಆಸ್ಪತ್ರೆ ಇದ್ದದ್ದು ಮೇಲಿನ ಪೇಟೆಯಲ್ಲಿ. ಇವತ್ತು ನಿಂತು ನಿಂತು ಹೋಗುವ ಪುರಸೊತ್ತು ಇರಲಿಲ್ಲ; ಒಂದೇ ಸಮ ತುಳಿದ. ಅರ್ಧ ದಾರಿಯಲ್ಲಿ ಇಂಜಿನ್ ಅರಚಿತು, ಗಾಡಿ ನಿಂತಿತು. ಆರಲು ಬಿಟ್ಟು ಮತ್ತೆ ತುಳಿದ. ಅರಚಾಟ ಜೋರಾಯಿತೇ ಹೊರತು ಚಕ್ರ ಕದಲಲಿಲ್ಲ. ಅವಳ ರೆಪ್ಪೆಗಳು ಆಗಲೇ ಇಳಿಬೀಳುತ್ತಿದ್ದವು.

‘ಮೇಸ್ತ್ರಿ ಸರಿಯಿದೆ ಅಂದಿದ್ರಲ್ವಾ?’ ಎಂದು ಅವಳು ಕೇಳಿದಳು.

ಕುಂಬಾರ ಬೇರೆ ಗಾಡಿಗಾಗಿ ಹಾರ್ನ್ ಒತ್ತುತ್ತಲೇ ಕೂತ. ಇನ್ನೊಂದು ವಾಹನ ಬರುವ ಹೊತ್ತಿಗೆ ಅವಳ ತಲೆ ಅವನ ಹೆಗಲಿಗೆ ಒರಗಿತ್ತು, ಉಸಿರು ನಿಂತಿತ್ತು.

ಅವಳನ್ನು ಮಣ್ಣು ಮಾಡಿ, ಗಾಡಿಯನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಅವನು ಪೇಟೆಗೆ ಹೋದ. ‘ಗಟ್ಟಿಯಿದೆ ಅಂದ್ಯಲ್ಲೋ ಪಾಪಿ!’ ಎಂದು ಮೇಸ್ತ್ರಿಯ ಕೊರಳಪಟ್ಟಿಗೆ ಕೈ ಹಾಕಿದ. ಜನ ಸೇರಿದರು. ಎಲ್ಲರೂ ಮೇಸ್ತ್ರಿಯನ್ನೇ ಶಪಿಸಿದರು. ಮೇಸ್ತ್ರಿ ಕೈ ಬಿಡಿಸಿಕೊಂಡು ಗಾಡಿಯ ಕೆಳಗೆ ನುಸುಳಿ, ಗೇರ್‌ಬಾಕ್ಸಿನ ಅಡಿತಟ್ಟೆ ಕಳಚಿದ. ಕೆಂಪು ಎಣ್ಣೆ ಸುರಿದುಹೋಯಿತು. ತಟ್ಟೆಯ ತಳದಲ್ಲಿ ಒಲೆಯ ಮಸಿಯಂಥ ಕಪ್ಪು ಗಸಿ ಅಂಟಿಕೊಂಡಿತ್ತು. ಅವನು ಅದನ್ನು ಬೆರಳಲ್ಲಿ ತೆಗೆದು ಕುಂಬಾರನ ಮುಂದೆ ಹಿಡಿದ.

‘ಹಳೇ ಆಯಿಲ್ ಎಲ್ಲಿ ಸುರಿದೆ?’

ಕುಂಬಾರ ಎರಡು ಹೆಜ್ಜೆ ಹಿಂದೆ ಸರಿದ. ಮೇಸ್ತ್ರಿಯೇ ಮುಂದುವರಿಸಿದ:

‘ಚಕ್ರಕ್ಕೆ ಬಲ ದಾಟಿಸೋ ಒಳಗಿನ ಪ್ಲೇಟೆಲ್ಲ ಯಾವತ್ತೋ ಸುಟ್ಟಿದಾವೆ. ಅದನ್ನ ಹೇಳ್ತಿದ್ದದ್ದೇ ಆ ಆಯಿಲ್ಲು. ಸುಟ್ಟು ಉದುರಿದ ಪುಡಿ ಅದರಲ್ಲೇ ಇದ್ದು, ಜಾರೋ ಪ್ಲೇಟಿಗೆ ಅಷ್ಟೋ ಇಷ್ಟೋ ಹಿಡಿತ ಕೊಡ್ತಿತ್ತು. ಅದನ್ನೂ ಬಸಿದುಬಿಟ್ಟೆ. ಹಾಗೇ ಬಿಟ್ಟಿದ್ರೆ ಅವತ್ತೊಂದು ದಿನ ಘಟ್ಟ ಹತ್ತಿಸ್ತಿತ್ತೋ ಏನೋ.’

ಕುಂಬಾರ ಊರಿಗೆ ನಡೆದುಕೊಂಡೇ ಹೋದ. ಸೊರಗಿದ ಕಾಲನ್ನು ಎಳೆದುಕೊಂಡು ಘಟ್ಟ ಇಳಿದ. ಆಮೇಲೆ ಜಗಲಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಯಾರಾದರೂ ಬಂದು ಮೇಸ್ತ್ರಿಯನ್ನು ಬೈದರೆ, ಬೈಯಬೇಡಿ ಎಂದು ಹೇಳುವ ಧೈರ್ಯ ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. ‘ಅಯ್ಯೋ, ಮೇಸ್ತ್ರಿಯದು ತಪ್ಪೇ ಇರಲಿಲ್ಲವಲ್ಲ ಗುರುಗಳೇ’ ಎಂದ.

‘ಸರಿ, ದಿನವೂ ಸಂಜೆ ನೀನು ನನಗೆ ತೋರಿಸುವ ಕೆಂಪು ಎಣ್ಣೆ ಸಾಕು. ಈಗ ನಿನ್ನ ಹಳೆಯ ಎಣ್ಣೆಯನ್ನು ತಾ’ ಎಂದರು ಗುರುಗಳು.