ಮುಷ್ಟಿಯೂ ದಮ್ಮಿನ ಪಟ್ಟಿಯೂ

ವಿಡಿಯೋ ಗೇಮೊಂದರ ಕಾಳಗದ ಕಣದಲ್ಲಿದ್ದ ಮಲ್ಲನ ಬಲಮುಷ್ಟಿಗೆ ಬಲು ಜಂಬ. ಗಂಟೆ ಬಾರಿಸಿದ್ದೇ ತಡ, ಎದುರಾಳಿಯ ಮೇಲೆ ಏಟಿನ ಸುರಿಮಳೆಗರೆಯಿತು. ಅವನೋ ಬಾಗಿ, ಸರಿದು, ಎಲ್ಲವನ್ನೂ ತಪ್ಪಿಸಿಕೊಂಡ.

ಪರದೆಯ ಮೂಲೆಯಲ್ಲಿ ಮಲ್ಲನ ದಮ್ಮು ತೋರಿಸುವ ಹಸಿರು ಪಟ್ಟಿ ಕುಗ್ಗುತ್ತಾ ಬಂತು. "ಕೊಂಚ ತಡಿ, ಅಣ್ಣಾ. ತಗುಲಿದ ಏಟಿಗಿಂತ ತಪ್ಪಿದ ಏಟೇ ಇಲ್ಲಿ ಹೆಚ್ಚು ದಮ್ಮು ತಿನ್ನುತ್ತದೆ" ಎಂದಿತು.

"ಮೂಲೆಯಲ್ಲಿ ಕೂತ ಗೆರೆ ನೀನು. ಕಾದಾಡುವವನು ನಾನು!" ಎಂದು ಮುಷ್ಟಿ ಮತ್ತೆ ಮತ್ತೆ ಬೀಸಿತು.

ಪಟ್ಟಿ ಬರಿದಾಯಿತು. ಅದನ್ನು ಕಂಡ ಎದುರಾಳಿ ಕೈ ಇಳಿಸಿ, ನಗುತ್ತ ಗದ್ದವನ್ನು ಮುಂದೊಡ್ಡಿ ನಿಂತ. ಮುಷ್ಟಿ ಮೇಲೇಳಲಿಲ್ಲ.

"ತಮ್ಮಾ, ಒಂದೇ ಒಂದು ಏಟಿಗಾಗುವಷ್ಟು ದಮ್ಮು ಕೊಡೋ!" ಎಂದು ಅಂಗಲಾಚಿತು.

"ಕೊಟ್ಟಿದ್ದೆನಲ್ಲ, ಅಣ್ಣಾ," ಎಂದಿತು ಪಟ್ಟಿ. "ನೀನು ಅದನ್ನು ಗಾಳಿಗೆ ಹೊಡೆದೆ."