ಅಲುಗದ ಉರಿ

"ಗುರುಗಳೇ, ಹಳೆಯದನ್ನು ಬದಲಾಯಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಬೇರೊಂದು ಊರಿನಲ್ಲಿ ಆಶ್ರಮ ನಡೆಸುತ್ತಿದ್ದ. ತಾನು ಮಾಡಿದ ನಿಯಮಗಳಿಗೆ ಹದಿನೈದು ವರ್ಷವಾಯಿತು, ಎಲ್ಲವೂ ಸರಿಯಾಗಿದೆ, ಈಗೀಗ ಯಾರೂ ದೂರುವುದೂ ಇಲ್ಲ ಎಂದು ಸೇರಿಸಿದ. ದನಿಯಲ್ಲಿ ಸ್ವಲ್ಪ ಜಂಬವಿತ್ತು.

ಗುರು ಒಂದು ಕತೆ ಹೇಳಿದರು.

ಹಿಮ ಬೀಳುವ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಮನೆಗೆಲ್ಲ ಜೋಡಿ ಗಾಜಿನ ಕಿಟಕಿ ಹಾಕಿಸಿದ್ದ. ಎರಡು ಗಾಜು, ನಡುವೆ ಬಿಗಿಯಾಗಿ ಮುಚ್ಚಿದ ಒಣ ಗಾಳಿ. ಹೊರಗಿನ ಚಳಿ ಒಳಗೆ ಬರುವ ಹಾಗಿಲ್ಲ. ಮನೆಗೆ ಬಂದ ನೆಂಟರಿಗೆ ನೀರು ಕೊಡುವ ಮೊದಲೇ ಕಿಟಕಿ ತೋರಿಸುತ್ತಿದ್ದ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಮೇಣದಬತ್ತಿ ಹಚ್ಚಿ ಒಂದೊಂದು ಕಿಟಕಿಯ ಅಂಚಿಗೂ ಹಿಡಿಯುತ್ತಿದ್ದ. ಉರಿ ಅಲುಗದಿದ್ದರೆ ಕಿಟಕಿ ಗಟ್ಟಿ ಎಂದು ಅವನ ಲೆಕ್ಕ.

ಅವನ ವಿಧವೆ ಅಕ್ಕ ಅದೇ ಮನೆಯ ಉತ್ತರದ ಕೋಣೆಯಲ್ಲಿದ್ದಳು. ಒಂದು ವರ್ಷ ಆ ಕೋಣೆಯಲ್ಲಿ ಉರಿ ಬಾಗಿತು. ಸಂದಿಯಿಂದ ಗಾಳಿ ನುಗ್ಗುತ್ತದೆ ಎಂದು ಅಕ್ಕ ಮೆಲ್ಲಗೆ ಹೇಳಿದಳು. ವ್ಯಾಪಾರಿ ರೇಗಿಬಿಟ್ಟ. ಬೇಕಾಬಿಟ್ಟಿ ತೆರೆದು ಮುಚ್ಚಿ ನೀನೇ ಕೆಡಿಸಿದ್ದು ಎಂದು ಮನೆಮಂದಿಯ ಎದುರಿಗೇ ಗದರಿದ. ಮರುವರ್ಷ ಉರಿ ಅಲುಗಲಿಲ್ಲ. ಆಮೇಲಿನ ಮೂರು ವರ್ಷವೂ ಅಲುಗಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಕೆಮ್ಮು ಹತ್ತಿ, ಮೈ ಇಳಿದುಹೋಯಿತು. ವಯಸ್ಸಾಯಿತಲ್ಲ ಎಂದುಕೊಂಡು ಅವನು ಸುಮ್ಮನಿದ್ದ.

ಅದರ ಮುಂದಿನ ವರ್ಷ ಪಕ್ಕದ ಮನೆಗೆ ಬಂದಿದ್ದ ಕಿಟಕಿ ಕೆಲಸದವನು ಬೀದಿಯಿಂದಲೇ ಅಕ್ಕನ ಕೋಣೆಯ ಕಿಟಕಿಯನ್ನು ನೋಡಿ ಒಳಗೆ ಬಂದ. ಗಾಜನ್ನು ಮುಟ್ಟಿ ನೋಡಿ, ಬಿಗಿ ಬಿಟ್ಟು ಮಂಜು ಎರಡು ಗಾಜಿನ ನಡುವೆಯೇ ಕಟ್ಟಿದೆ, ಒರೆಸಿದರೆ ಹೋಗುವುದಲ್ಲ, ಇದನ್ನು ಬದಲಾಯಿಸುವ ಕಾಲ ಎಂದೋ ದಾಟಿದೆ ಎಂದ. ವ್ಯಾಪಾರಿ ನಕ್ಕು, ಮೇಣದಬತ್ತಿ ಹಚ್ಚಿ ಹಿಡಿದ. ಉರಿ ನೆಟ್ಟಗೆ ನಿಂತಿತು.

ಕೆಲಸದವನು ಚೌಕಟ್ಟಿನ ಸಂದಿಗೆ ಉಳಿ ಹಾಕಿ ಮೀಟಿದ. ಉಣ್ಣೆಯ ಪಟ್ಟಿಯೊಂದು ಹೊರಬಂತು. ಎಳೆದಷ್ಟೂ ಬಂತು. ಹಸಿರು ಶಾಲೊಂದನ್ನು ಕತ್ತರಿಸಿ ಸಂದಿಯ ಉದ್ದಕ್ಕೂ ತುರುಕಿದ್ದರು. ಅಕ್ಕನಿಗೆಂದು ವ್ಯಾಪಾರಿಯೇ ತಂದುಕೊಟ್ಟ ಶಾಲು ಅದು. ಅವನು ಮಂಚದ ಬಳಿ ಹೋಗಿ ಅಕ್ಕ ಹೊದ್ದಿದ್ದ ರಗ್ಗನ್ನು ಎತ್ತಿ ನೋಡಿದ. ಅದರಲ್ಲೂ ಅರ್ಧ ಮಾತ್ರ ಉಳಿದಿತ್ತು.

"ಇದೇನಕ್ಕಾ ಇದು? ನನಗೊಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದೆನಲ್ಲಪ್ಪಾ, ಒಂದು ಸಲ" ಎಂದಳು ಅಕ್ಕ.

ಶಿಷ್ಯ ಬೆಚ್ಚಿ ಕುಳಿತಿದ್ದ. ಒಂದೇ ಮನೆಯಲ್ಲಿದ್ದೂ ಇಷ್ಟು ವರ್ಷ ಅವನಿಗೆ ತಿಳಿಯದೆ ಹೋಯಿತೇ, ಎಂಥ ಮನುಷ್ಯನವನು ಎಂದು ಕೇಳಿದ.

ಗುರು ಅವನ ಮುಖವನ್ನೇ ನೋಡಿದರು.

"ನಿನ್ನ ಆಶ್ರಮದಲ್ಲಿ ಕೊನೆಯ ಸಲ ದೂರಿದವನಿಗೆ ನೀನು ಏನು ಹೇಳಿದ್ದೆ?"