ಚುಕ್ಕಾಣಿ ಬಿಡದ ಅಳಿಲು

ಹವ್ಯಾಸಕ್ಕೆ ಹಾಯಿದೋಣಿ ನಡೆಸುವ ಅಳಿಲುಗಳೂ ಅದನ್ನೇ ಕಸುಬಾಗಿಸಿಕೊಂಡ ನೀರುನಾಯಿಗಳೂ ಹತ್ತು ದಿನದ ಕಡಲ ಪಂದ್ಯಕ್ಕೆ ಹೊರಟವು. ಅಳಿಲುಗಳ ನಾಯಕನಿಗೆ ಮುಳುಗುವ ಭಯ. ಅದು ಚುಕ್ಕಾಣಿಯನ್ನು ಯಾರಿಗೂ ಕೊಡಲಿಲ್ಲ, ತಾನೂ ಮಲಗಲಿಲ್ಲ.

ಎರಡನೆಯ ದಿನ ಪಕ್ಕಕ್ಕೆ ಬಂದ ದೋಣಿಯಲ್ಲಿ ಅರ್ಧಕ್ಕರ್ಧ ನೀರುನಾಯಿಗಳು ಗೊರಕೆ ಹೊಡೆಯುತ್ತಿದ್ದವು.

“ಪಂದ್ಯದಲ್ಲಿ ನಿದ್ದೆಯೇ? ನಾಚಿಕೆಯಾಗಬೇಕು!” ಎಂದಿತು ಅಳಿಲು.

“ನಾವು ಸರದಿಯ ಮೇಲೆ ಮಲಗುತ್ತೇವೆ. ನೀನೂ ಚುಕ್ಕಾಣಿಯನ್ನು ಪಕ್ಕದಲ್ಲಿ ಕೂತಿರುವ ನಿನ್ನ ತಮ್ಮನಿಗೆ ಕೊಟ್ಟು ಮಲಗು, ಅಳಿಲಣ್ಣ,” ಎಂದಿತು ಹಿರಿಯ ನೀರುನಾಯಿ.

“ಅವನಿಗೆ? ಮುಳುಗಿಸಿಯೇ ಬಿಡುತ್ತಾನೆ!”

ನಾಲ್ಕನೆಯ ದಿನ ನಡುಹಗಲಲ್ಲೇ ಅಳಿಲು ಕೂತಲ್ಲಿ ತೂಕಡಿಸಿತು. ದೋಣಿ ಬಂಡೆಗೆ ಬಡಿದು ಒಡೆಯಿತು. ನೀರುನಾಯಿಗಳು ಪಂದ್ಯದ ದಾರಿ ಬಿಟ್ಟು ಬಂದು ಎಲ್ಲರನ್ನೂ ಎತ್ತಿಕೊಂಡವು. ಅಳಿಲು ಒಂದು ದಿನವಿಡೀ ಸತ್ತಂತೆ ಮಲಗಿತು.

ಅದು ಎದ್ದಾಗ ಹಿರಿಯ ನೀರುನಾಯಿ ಆಕಳಿಸುತ್ತ, “ಬಾ, ಚುಕ್ಕಾಣಿ ಹಿಡಿ. ಈಗ ನಿನ್ನ ಸರದಿ,” ಎಂದಿತು.

ಅಳಿಲು ಹಿಂದೆ ಸರಿಯಿತು. “ನನಗೆ ಕೊಡುತ್ತೀಯಾ? ದೋಣಿ ಒಡೆದವನು ನಾನು.”

“ಒಡೆದವನು ನಿದ್ದೆಗೆಟ್ಟಿದ್ದ. ನಿನ್ನ ನಿದ್ದೆ ಮುಗಿದಿದೆಯಲ್ಲ!”

ಅಳಿಲು ಮತ್ತೇನೋ ಕೇಳುವಷ್ಟರಲ್ಲಿ ನೀರುನಾಯಿ ಅದರ ಕಾಲ ಬಳಿಯೇ ನಿದ್ದೆ ಹೋಗಿತ್ತು.